ಸ್ಲಿಂಗ್ ಶಸ್ತ್ರಚಿಕಿತ್ಸೆ ಎಷ್ಟು ವರ್ಷ ಬಾಳಿಕೆ ಬರುತ್ತದೆ? ಒಪ್ಪಿಗೆಗೆ ಮುನ್ನ ಕೇಳಬೇಕಾದದ್ದು, ಆಮೇಲೆ ಗಮನಿಸಬೇಕಾದದ್ದು

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ನೀರಿನ ಕೊಡ ಎತ್ತಿದಾಗ ತಡೆಯಲಾಗದೆ ನಾಲ್ಕು ಹನಿ ಮೂತ್ರ ಸೋರುವ ತೊಂದರೆ ನನ್ನ ಚಿಕ್ಕಮ್ಮನಿಗೆ ವರ್ಷಗಳಿಂದ ಇತ್ತು. ಸ್ಲಿಂಗ್ ಹಾಕಿಸಿಕೊಳ್ಳಿ ಎಂದು ವೈದ್ಯರು ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ ಡಾಕ್ಟ್ರೇ?" ಸೀರೆ ಕೊಳ್ಳುವಾಗಲೂ ಆಕೆ ಕೇಳುವುದು ಇದನ್ನೇ. "ತೊಂಬತ್ತು ಪರ್ಸೆಂಟ್ ಸಕ್ಸೆಸ್ ಇದೆಯಮ್ಮ, ಯೋಚನೆ ಮಾಡ್ಬೇಡಿ" ಎಂಬ ಉತ್ತರ ಬಂತು. ಆ ಉತ್ತರ ಸುಳ್ಳಲ್ಲ, ಆದರೆ ಆಕೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ಎಷ್ಟನೆಯ ವರ್ಷದಲ್ಲಿ ತೊಂಬತ್ತು, ಯಾವುದನ್ನು ವಾಸಿ ಎಂದು ಎಣಿಸಿದರೆ ತೊಂಬತ್ತು, ಎಣಿಸುವ ಹೊತ್ತಿಗೆ ಎಷ್ಟು ಜನ ಉಳಿದಿದ್ದರು ಎಂಬುದು ಗೊತ್ತಾಗದೆ ಆ ಸಂಖ್ಯೆಗೆ ಅರ್ಥವಿಲ್ಲ. ಸ್ಲಿಂಗ್ ಹಾಕಿಸಿಕೊಳ್ಳುವ ಯೋಚನೆಯಲ್ಲಿರುವವರು ಆ ಲೆಕ್ಕವನ್ನು ಬಿಡಿಸಿ ನೋಡುವುದು ಹೇಗೆ, ಈಗಾಗಲೇ ಹಾಕಿಸಿಕೊಂಡವರು ಮುಂದಿನ ಹತ್ತಿಪ್ಪತ್ತು ವರ್ಷ ಏನನ್ನು ಗಮನಿಸುತ್ತಿರಬೇಕು ಎಂಬುದನ್ನು ಇಲ್ಲಿ ಬರೆಯುತ್ತೇನೆ. ನಾನು ವೈದ್ಯಳಲ್ಲ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಚಿಕ್ಕಮ್ಮನ ಫೈಲ್ ಹಿಡಿದು ಕುಳಿತವಳು. ಆದ್ದರಿಂದ ಇದನ್ನು ಪರೀಕ್ಷೆಗೆ ಬದಲಿ ಎಂದು ತಿಳಿಯದೆ, ಪರೀಕ್ಷೆಗೆ ಹೋಗುವ ಮುನ್ನಿನ ಸಿದ್ಧತೆ ಎಂದು ಓದಿಕೊಳ್ಳಬೇಕು.

ಮೊದಲು ಸೋರಿಕೆ ಯಾವ ಬಗೆಯದು ಎಂದು ಗುರುತಿಸಿ

ಸ್ಲಿಂಗ್ ಎಂದರೆ ಮೂತ್ರಕೋಶದಿಂದ ಹೊರಬರುವ ನಾಳದ ನಡುಭಾಗಕ್ಕೆ ಕೆಳಗಿನಿಂದ ಆಸರೆ ಕೊಡುವ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿ. ಕೆಮ್ಮಿನ ಒತ್ತಡ ಬಿದ್ದಾಗ ನಾಳವು ಆ ಪಟ್ಟಿಗೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಅದರ ಕೆಲಸ ಇಷ್ಟೇ. ಬೀಗದ ಕೈ ತಿರುಗಿಸುವಷ್ಟರಲ್ಲಿ ಅವಸರವಾಗಿ, ಬಚ್ಚಲು ತಲುಪುವ ಮೊದಲೇ ಆಗಿಬಿಡುವ ಸೋರಿಕೆ ಮೂತ್ರಕೋಶದ ಸ್ನಾಯು ತಾನಾಗಿ ಹಿಂಡಿಕೊಳ್ಳುವುದರಿಂದ ಬರುವಂಥದ್ದು, ಅದಕ್ಕೆ ಸ್ಲಿಂಗ್ ಮದ್ದಲ್ಲ. ಅನೇಕರಿಗೆ ಎರಡೂ ಬೆರೆತಿರುತ್ತದೆ. ಐದು ವರ್ಷದ ನಂತರ "ಆಪರೇಷನ್ ಮಾಡಿಸಿದ್ದೇ ದಂಡ" ಎನ್ನುವವರಲ್ಲಿ ಹಲವರ ತೊಂದರೆ ಸ್ಲಿಂಗ್ ಸಡಿಲವಾದದ್ದಲ್ಲ, ಈ ಎರಡನೆಯ ಸೋರಿಕೆ ಮೊದಲಿನಿಂದಲೂ ಇದ್ದದ್ದು ಅಥವಾ ಆಮೇಲೆ ಸೇರಿಕೊಂಡದ್ದು.

ಬೇರ್ಪಡಿಸಿ ನೋಡುವುದಕ್ಕೆ ಮೂರು ದಿನದ ದಿನಚರಿ ಸಾಕು. ಬಚ್ಚಲಿನಲ್ಲಿ ಅಳತೆ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಂಡು, ಪ್ರತಿ ಸಲ ಒಂದಕ್ಕೆ ಹೋದಾಗ ಗಂಟೆ ಮತ್ತು ಮಿಲಿಲೀಟರ್ ಬರೆಯಬೇಕು. ಕುಡಿದ ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲವನ್ನೂ ಲೋಟದ ಲೆಕ್ಕದಲ್ಲಿ ಬರೆಯಬೇಕು. ಸೋರಿದಾಗ ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದೇ ಪದದಲ್ಲಿ ಬರೆಯಬೇಕು: ಕೆಮ್ಮು, ಬಾಗಿದ್ದು, ಅವಸರ, ನಿದ್ದೆ. ಚಿಕ್ಕಮ್ಮನ ಹಾಳೆಯಲ್ಲಿ ಮೂರು ದಿನಕ್ಕೆ ಒಂಬತ್ತು ಸೋರಿಕೆ ಇತ್ತು, ಅದರಲ್ಲಿ ಏಳರ ಮುಂದೆ "ಕೆಮ್ಮು" ಅಥವಾ "ಎತ್ತಿದ್ದು" ಎಂದಿತ್ತು, ಎರಡರ ಮುಂದೆ "ಅವಸರ". ಆ ಎರಡು ಗೆರೆ ಇದ್ದುದರಿಂದಲೇ, ಇವು ಆಪರೇಷನ್‌ನಿಂದ ಹೋಗದಿರಬಹುದು ಎಂದು ವೈದ್ಯರು ಮೊದಲೇ ಹೇಳುವಂತಾಯಿತು.

ಎಷ್ಟು ಸೋರುತ್ತಿದೆ ಎಂದು ತಿಳಿಯಬೇಕಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಪ್ಯಾಡನ್ನು ತೂಗಿ ಬರೆದಿಡಿ. ಒಂದು ಹಗಲು-ರಾತ್ರಿ ಬಳಸಿದ ಪ್ಯಾಡ್‌ಗಳನ್ನು ಗಾಳಿಯಾಡದ ಚೀಲದಲ್ಲಿ ಹಾಕಿಟ್ಟು ತೂಗಿ, ಒಣ ತೂಕ ಕಳೆಯಿರಿ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಬೆವರಿನಿಂದಲೂ ಸ್ವಲ್ಪ ತೂಕ ಸೇರುವುದರಿಂದ ಒಂದೆರಡು ಗ್ರಾಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಈ ಕಾಗದವನ್ನು ಎಸೆಯಬೇಡಿ. ಐದನೆಯ ವರ್ಷದಲ್ಲಿ ಇದೇ ಲೆಕ್ಕವನ್ನು ಮತ್ತೆ ಮಾಡಿ ಹೋಲಿಸಿದರೆ, ನಿಮ್ಮ ಸ್ಲಿಂಗ್‌ನ ಬಾಳಿಕೆಯ ಬಗ್ಗೆ ಯಾವ ಸಂಶೋಧನಾ ಲೇಖನವೂ ಹೇಳಲಾರದ ಸಂಗತಿ ಅದರಲ್ಲಿ ಸಿಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ, ಕಲಿಸುವವರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳು ಕೆಗೆಲ್ ವ್ಯಾಯಾಮ, ಅಂದರೆ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ ಮಾಡಬೇಕು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಸೂಚನೆಯಂತೆ ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಕನಿಷ್ಠ ಎಂಟು ಸಲ ಸ್ನಾಯುವನ್ನು ಬಿಗಿಹಿಡಿಯಬೇಕು. ನೆದರ್‌ಲೆಂಡ್ಸ್‌ನಲ್ಲಿ 460 ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಒಂದು ವರ್ಷದ ಕೊನೆಗೆ ಸುಧಾರಿಸಿದೆ ಎಂದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 90.8, ಫಿಸಿಯೋಥೆರಪಿಯಿಂದ ಆರಂಭಿಸಿದ ಗುಂಪಿನಲ್ಲಿ ಶೇ. 64.4. ಶಸ್ತ್ರಚಿಕಿತ್ಸೆ ಮೇಲು ಎನ್ನುವವರು ಈ ಲೆಕ್ಕವನ್ನು ಮುಂದಿಡುತ್ತಾರೆ. ಆದರೆ ವ್ಯಾಯಾಮದ ಗುಂಪಿನಲ್ಲಿ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಶೇ. 49, ಅಂದರೆ ಉಳಿದ ಅರ್ಧದಷ್ಟು ಜನ ಆ ವರ್ಷವನ್ನು ಚಾಕುವಿನ ಸಹವಾಸವಿಲ್ಲದೆ ಕಳೆದರು ಎಂಬುದೂ ಅದೇ ಅಧ್ಯಯನದ ಮಾತು.

ಯಾವ ಸ್ಲಿಂಗ್ ಎಂದು ಕೇಳಿ, ಬರೆಸಿಕೊಳ್ಳಿ

"ಟೇಪ್ ಹಾಕ್ತೀವಿ" ಎಂಬುದು ಪೂರ್ತಿ ಮಾಹಿತಿಯಲ್ಲ. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ 1996ರಲ್ಲಿ ವಿವರಿಸಿದ ವಿಧಾನದಲ್ಲಿ ಪಾಲಿಪ್ರೊಪಿಲೀನ್ ಜಾಲರಿಯ ಪಟ್ಟಿ ಮೂತ್ರನಾಳದ ಕೆಳಗಿನಿಂದ ಹೊರಟು, ಮುಂಭಾಗದ ಜಘನಮೂಳೆಯ ಹಿಂಬದಿಯಿಂದ ಮೇಲೇರಿ ಕಿಬ್ಬೊಟ್ಟೆಯ ಚರ್ಮದವರೆಗೆ ಹೋಗುತ್ತದೆ. ಸೂಜಿ ಮೂತ್ರಕೋಶದ ಪಕ್ಕದಲ್ಲೇ ಹಾದುಹೋಗುವುದರಿಂದ ಅದಕ್ಕೆ ತೂತು ಬೀಳುವ ಅಪಾಯವಿದೆ ಎಂದು, ಫ್ರಾನ್ಸ್‌ನ ದೆಲೋರ್ಮ್ 2001ರಲ್ಲಿ ಪಟ್ಟಿಯನ್ನು ತೊಡೆಸಂದಿನ ಕಡೆಗೆ ಅಡ್ಡಲಾಗಿ ಎಳೆಯುವ ದಾರಿ ತೋರಿಸಿದರು, 2003ರಲ್ಲಿ ಬೆಲ್ಜಿಯಮ್ಮಿನ ದೆ ಲೆವಾಲ್ ಅದನ್ನೇ ಒಳಗಿನಿಂದ ಹೊರಗೆ ತಂದರು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಿಶೀಲನೆಯಲ್ಲಿ ಮೂತ್ರಕೋಶಕ್ಕೆ ತೂತಾಗುವುದು ಮೂಳೆಯ ಹಿಂಬದಿಯ ದಾರಿಯಲ್ಲಿ ಶೇ. 4.5, ತೊಡೆಸಂದಿನ ದಾರಿಯಲ್ಲಿ ಶೇ. 0.6 ಎಂದಿದೆ. ಅದೇ ಪರಿಶೀಲನೆಯಲ್ಲಿ ತೊಡೆಸಂದಿನ ನೋವು ಮೊದಲಿನದರಲ್ಲಿ ಶೇ. 1.3, ಎರಡನೆಯದರಲ್ಲಿ ಶೇ. 6.4. ಮೂತ್ರಕೋಶದ ತೂತು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕಾಣಿಸುತ್ತದೆ, ಸೂಜಿಯನ್ನು ಹಿಂತೆಗೆದು ಮತ್ತೆ ಸರಿಯಾಗಿ ಹಾಕಬಹುದು. ತೊಡೆಸಂದಿನಲ್ಲಿ ಹುದುಗಿದ ಜಾಲರಿಯಿಂದ ಬಂದು ಉಳಿದುಬಿಡುವ ನೋವನ್ನು ತೆಗೆಯುವುದು ಅಷ್ಟು ಸುಲಭವಲ್ಲ. ನೈಸ್ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ, ವಿಶೇಷ ಕಾರಣವಿಲ್ಲದೆ ತೊಡೆಸಂದಿನ ವಿಧಾನವನ್ನು ನೀಡಬಾರದು ಎಂದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ನಿಮಗೆ ಆ ವಿಧಾನವನ್ನೇ ಸೂಚಿಸಿದ್ದರೆ "ನನಗೆ ಇದೇ ಯಾಕೆ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಹಿಂದೆ ಕಿಬ್ಬೊಟ್ಟೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಒಳಗೆ ಅಂಟಿಕೊಂಡಿರಬಹುದು ಎಂಬಂಥ ಒಳ್ಳೆಯ ಕಾರಣಗಳೂ ಇರುತ್ತವೆ.

ಮೂರನೆಯದು ಚಿಕ್ಕದಾದ ಮಿನಿ ಸ್ಲಿಂಗ್, ಒಂದೇ ಗಾಯದಲ್ಲಿ ಮುಗಿಯುವಂಥದ್ದು. ಬ್ರಿಟನ್ನಿನಲ್ಲಿ ಸುಮಾರು 600 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ವರ್ಷದ ಹೊತ್ತಿಗೆ ಸುಧಾರಿಸಿದೆ ಎಂದವರು ಮಿನಿ ಸ್ಲಿಂಗ್‌ನಲ್ಲಿ ಶೇ. 72.0, ಪೂರ್ಣ ಉದ್ದದ ಸ್ಲಿಂಗ್‌ನಲ್ಲಿ ಶೇ. 66.8. ಆದರೆ ಸಂಭೋಗದ ವೇಳೆ ನೋವು ಎಂದವರು ಮಿನಿಯಲ್ಲಿ ಶೇ. 11.7, ಇನ್ನೊಂದರಲ್ಲಿ ಶೇ. 4.8. ಎರಡನೆಯ ಜೋಡಿ ಸಂಖ್ಯೆಯನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಮ್ಮ ಹೆಣ್ಣುಮಕ್ಕಳು ಕೇಳುವುದೂ ಇಲ್ಲ. ಕೇಳಬೇಕು.

ನಾಲ್ಕನೆಯದು ಜಾಲರಿಯೇ ಇಲ್ಲದ್ದು. ಹೊಟ್ಟೆಯ ಸ್ನಾಯುವಿನ ಮೇಲಿರುವ ಬಿಳಿಯ ಗಟ್ಟಿ ಪೊರೆಯಿಂದ ಒಂದು ಪಟ್ಟಿ ಕತ್ತರಿಸಿ, ಅದನ್ನೇ ಮೂತ್ರನಾಳಕ್ಕೆ ಆಸರೆಯಾಗಿ ಕಟ್ಟುತ್ತಾರೆ. ಗಾಯ ದೊಡ್ಡದು, ಚೇತರಿಕೆ ನಿಧಾನ, ಮೂತ್ರ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಆದರೆ ಪರವಸ್ತು ಒಳಗೆ ಉಳಿಯುವುದಿಲ್ಲ. ಇದನ್ನು ಮಾಡುವ ಅಭ್ಯಾಸವಿರುವ ಸರ್ಜನ್ನರು ಎಲ್ಲ ಊರಿನಲ್ಲೂ ಸಿಗುವುದಿಲ್ಲವಾದ್ದರಿಂದ, ಇಂಥದೊಂದು ಆಯ್ಕೆ ಇದೆ ಎಂಬುದೇ ಅನೇಕರ ಕಿವಿಗೆ ಬೀಳುವುದಿಲ್ಲ.

ಶೇಕಡಾ ಲೆಕ್ಕವನ್ನು ಬಿಡಿಸಿ ಓದುವ ಬಗೆ

ತೊಂಬತ್ತು ಎಂಬ ಮಾತಿನ ಹಿಂದೆ ಬಹುಮಟ್ಟಿಗೆ ಇರುವುದು ನಾರ್ಡಿಕ್ ದೇಶಗಳ ಅಧ್ಯಯನ. 1990ರ ದಶಕದ ನಡುವೆ ಮೂರು ಕೇಂದ್ರಗಳಲ್ಲಿ ಉಲ್ಮ್‌ಸ್ಟೆನ್ ವಿಧಾನದ ಸ್ಲಿಂಗ್ ಹಾಕಿಸಿಕೊಂಡ 90 ಮಹಿಳೆಯರನ್ನು ಹದಿನೇಳು ವರ್ಷ ಹಿಂಬಾಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಕೆಮ್ಮಿಸಿದಾಗ ಸೋರಲಿಲ್ಲ. ವಾಸಿಯಾಗಿದೆ ಅಥವಾ ಮೊದಲಿಗಿಂತ ಬಹಳ ಮೇಲು ಎಂದವರು ಶೇ. 87. ಜಾಲರಿ ಹೊರಗೆ ಇಣುಕಿದ್ದು ಒಬ್ಬರಲ್ಲಿ ಮಾತ್ರ, ಅವರಿಗೆ ಅದರಿಂದ ತೊಂದರೆಯೂ ಇರಲಿಲ್ಲ. ಹದಿನೇಳು ವರ್ಷಕ್ಕೆ ಇದು ನಿಜಕ್ಕೂ ದೊಡ್ಡ ಮಾತು, ಪಟ್ಟಿ ಒಳಗೇ ಲಡ್ಡಾಗಿ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಆದರೆ ಈ ಮಹಿಳೆಯರಿಗೆ ಅದು ಮೊದಲ ಶಸ್ತ್ರಚಿಕಿತ್ಸೆಯಾಗಿತ್ತು, ಹಾಕಿದವರು ಆ ವಿಧಾನವನ್ನು ರೂಢಿಸಿಕೊಂಡ ನುರಿತ ಕೈಗಳವರು, ಮತ್ತು ಕೊನೆಯಲ್ಲಿ ಕೆಲವರು ಸಿಗಲೇ ಇಲ್ಲ, ಕೆಲವರನ್ನು ದೂರವಾಣಿಯಲ್ಲಷ್ಟೇ ವಿಚಾರಿಸಲಾಯಿತು.

ಇದರ ಪಕ್ಕದಲ್ಲಿ ಅಮೆರಿಕದ ಟೋಮಸ್ ಪ್ರಯೋಗವನ್ನು ಇಡಿ. 597 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮೂಳೆಯ ಹಿಂಬದಿಯ, ಇನ್ನೊಂದಕ್ಕೆ ತೊಡೆಸಂದಿನ ಸ್ಲಿಂಗ್ ಹಾಕಿದರು. ಒಂದು ವರ್ಷಕ್ಕೆ ವೈದ್ಯರು ಪರೀಕ್ಷಿಸಿ ಅಳೆದ ಯಶಸ್ಸು ಕ್ರಮವಾಗಿ ಶೇ. 80.8 ಮತ್ತು 77.7. ಅದೇ ಮಹಿಳೆಯರ ಸ್ವಂತ ಮಾತು ಮತ್ತು ದಿನಚರಿಯ ಪ್ರಕಾರ ಅಳೆದದ್ದು ಶೇ. 62.2 ಮತ್ತು 55.8. ಒಂದೇ ವರ್ಷ, ಒಂದೇ ದೇಹ, ಆದರೂ ಎರಡು ಅಳತೆಯ ನಡುವೆ ಸುಮಾರು ಇಪ್ಪತ್ತರ ಅಂತರ. ಐದು ವರ್ಷಕ್ಕೆ, ಮರುಚಿಕಿತ್ಸೆಯೂ ಬೇಕಾಗದೆ ಒತ್ತಡದ ಸೋರಿಕೆಯ ಲಕ್ಷಣವೂ ಇಲ್ಲದವರು ಶೇ. 51.3 ಮತ್ತು 43.4. ಓದಿದರೆ ಎದೆ ಧಸಕ್ಕೆನ್ನುತ್ತದೆ. ಅದೇ ಐದನೆಯ ವರ್ಷದಲ್ಲಿ ತೃಪ್ತಿಯಿದೆ ಎಂದವರು ಶೇ. 79 ಮತ್ತು 85!

ಸ್ವಂತ ಪೊರೆಯ ಸ್ಲಿಂಗ್‌ನ ಲೆಕ್ಕದಲ್ಲಿ ಈ ವಿಚಿತ್ರ ಇನ್ನೂ ಎದ್ದು ಕಾಣುತ್ತದೆ. ಅದನ್ನು 1961ರಿಂದ ಬಳಕೆಯಲ್ಲಿರುವ, ಮೂತ್ರಕೋಶದ ಕುತ್ತಿಗೆಯನ್ನು ದಾರದಿಂದ ಎತ್ತಿಕಟ್ಟುವ ಬರ್ಚ್ ಹೊಲಿಗೆಯೊಂದಿಗೆ ಹೋಲಿಸಿದ ಅಮೆರಿಕದ ಪ್ರಯೋಗದಲ್ಲಿ, ಎರಡು ವರ್ಷದ ನಂತರ ಒತ್ತಡದ ಸೋರಿಕೆ ಇಲ್ಲದವರು ಸ್ಲಿಂಗ್‌ನಲ್ಲಿ ಶೇ. 66, ಬರ್ಚ್‌ನಲ್ಲಿ ಶೇ. 49. ಐದು ವರ್ಷಕ್ಕೆ, ಯಾವ ಬಗೆಯ ಸೋರಿಕೆಯೂ ಇಲ್ಲದವರು ಶೇ. 30.8 ಮತ್ತು 24.1ಕ್ಕೆ ಇಳಿದರು. ಆದರೂ ಸ್ಲಿಂಗ್ ಹಾಕಿಸಿಕೊಂಡವರಲ್ಲಿ ತೃಪ್ತರು ಶೇ. 83. ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ರೀತಿ ಸೋರುತ್ತಿದೆ, ಐವರಲ್ಲಿ ನಾಲ್ವರಿಗೆ ಸಮಾಧಾನವಿದೆ: ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ? ದಿನಕ್ಕೆ ನಾಲ್ಕು ಪ್ಯಾಡ್ ಬದಲಿಸುತ್ತ, ಮದುವೆಮನೆಯಲ್ಲಿ ಹಿಂದಿನ ಸಾಲಿನ ಕುರ್ಚಿ ಹುಡುಕುತ್ತ, ಮೊಮ್ಮಗುವನ್ನು ಎತ್ತಲು ಹಿಂಜರಿಯುತ್ತಿದ್ದವಳಿಗೆ ವಾರಕ್ಕೊಮ್ಮೆ ಎರಡು ಹನಿ ಹೋದರೆ ಸಂಶೋಧಕರ ಕಣ್ಣಿಗೆ ಅದು ಸೋಲು, ಅವಳಿಗೆ ಅದು ಸೋಲಲ್ಲ. ಹಾಗೆಂದು ತೃಪ್ತಿಯ ಸಂಖ್ಯೆಯನ್ನು ಮಾತ್ರ ಹೇಳಿ ಕಳಿಸುವುದೂ ಸರಿಯಲ್ಲ. ಒಂದು ಹನಿಯೂ ಹೋಗಬಾರದು ಎಂಬ ನಿರೀಕ್ಷೆಯಿಂದ ಮೇಜಿನ ಮೇಲೆ ಮಲಗಿದವಳಿಗೆ ಐದನೆಯ ವರ್ಷದ ಎರಡು ಹನಿ ಮೋಸದಂತೆ ಕಾಣುತ್ತದೆ.

ಆದ್ದರಿಂದ ವೈದ್ಯರ ಮುಂದೆ ಕುಳಿತಾಗ ಹೀಗೆ ಕೇಳಬಹುದು: "ಐದು ವರ್ಷದ ಮೇಲೆ ನಿಮ್ಮ ಹತ್ತಿರ ಮತ್ತೆ ಬಂದವರು ಹೇಗಿದ್ದಾರೆ? ವರ್ಷಕ್ಕೆ ಎಷ್ಟು ಜನರಿಗೆ ಇದನ್ನು ಮಾಡುತ್ತೀರಿ? ಎಷ್ಟು ಜನರ ಟೇಪನ್ನು ಆಮೇಲೆ ಕತ್ತರಿಸಬೇಕಾಯಿತು?" ಕಾಕ್ರೇನ್ ಪರಿಶೀಲನೆಯಲ್ಲಿ ಐದು ವರ್ಷ ದಾಟಿದ ಮೇಲಿನ ಸ್ವಂತ ಅನುಭವದ ವಾಸಿ ಪ್ರಮಾಣ, ತೊಡೆಸಂದಿನ ಸ್ಲಿಂಗ್‌ನಲ್ಲಿ ಶೇ. 43ರಿಂದ 92ರವರೆಗೆ, ಮೂಳೆಯ ಹಿಂಬದಿಯದರಲ್ಲಿ ಶೇ. 51ರಿಂದ 88ರವರೆಗೆ ಹರಡಿಕೊಂಡಿದೆ. ಇಷ್ಟು ಅಗಲದ ಹರವಿನಲ್ಲಿ ನಿಮ್ಮ ಸರ್ಜನ್ ಎಲ್ಲಿ ನಿಲ್ಲುತ್ತಾರೆ ಎಂಬುದೇ ನಿಮಗೆ ಬೇಕಾದದ್ದು. ಲೆಕ್ಕ ಇಟ್ಟಿಲ್ಲ ಎಂಬ ಪ್ರಾಮಾಣಿಕ ಉತ್ತರ ಬಂದರೂ ಅದು ಉತ್ತರವೇ.

ಜಾಲರಿಯ ತೊಂದರೆಗಳು

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಲಿಂಗ್ ಹಾಕಿಸಿಕೊಂಡ 95,057 ಮಹಿಳೆಯರ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ವರ್ಷದೊಳಗೆ ಜಾಲರಿಯನ್ನು ಭಾಗಶಃ ಅಥವಾ ಪೂರ್ತಿ ತೆಗೆಸಿಕೊಂಡವರು ಶೇ. 3.3, ಸೋರಿಕೆಗಾಗಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ. 4.5. ತೆಗೆಸಿಕೊಂಡದ್ದರ ಪ್ರಮಾಣ ಮೊದಲ ವರ್ಷದಲ್ಲೇ ಶೇ. 1.4 ಇತ್ತು, ಉಳಿದದ್ದು ಆಮೇಲಿನ ವರ್ಷಗಳಲ್ಲಿ ಹನಿಹನಿಯಾಗಿ ಸೇರಿತು. ಒಂದು ವರ್ಷ ಆರಾಮಾಗಿದ್ದರೆ ಇನ್ನು ಚಿಂತೆಯಿಲ್ಲ ಎನ್ನಲಾಗದು ಎಂಬುದಕ್ಕೆ ಇದು ಸಾಕು. ಜೊತೆಗೆ, ಈ ಲೆಕ್ಕಕ್ಕೆ ಸಿಗುವುದು ಮತ್ತೆ ಶಸ್ತ್ರಚಿಕಿತ್ಸೆಯ ಕೊಠಡಿಗೆ ಬಂದವರು ಮಾತ್ರ. ನೋವನ್ನು ನುಂಗಿಕೊಂಡು ಮನೆಯಲ್ಲೇ ಉಳಿದವರು ಇದರಲ್ಲಿಲ್ಲ. ಸ್ಕಾಟ್ಲೆಂಡ್ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಜಾಲರಿ ಸ್ಲಿಂಗ್‌ಗಳಿಗೆ ತಡೆ ಹಾಕುವಂತೆ ಮಾಡಿದ್ದು ಅಂಥ ಮಹಿಳೆಯರ ದೂರು. ಬ್ಯಾರನೆಸ್ ಕಂಬರ್ಲೆಜ್ ಅವರ ನೇತೃತ್ವದ ಸಮಿತಿ 2020ರಲ್ಲಿ ಕೊಟ್ಟ ವರದಿಯಲ್ಲಿ, ಈ ಮಹಿಳೆಯರ ಮಾತನ್ನು ವೈದ್ಯಕೀಯ ವ್ಯವಸ್ಥೆ ಬಹುಕಾಲ ಕಿವಿಗೆ ಹಾಕಿಕೊಳ್ಳಲೇ ಇಲ್ಲ ಎಂಬುದನ್ನು ದಾಖಲಿಸಿತು.

ಸುದ್ದಿ ಓದುವಾಗ ಒಂದು ಭೇದ ನೆನಪಿರಲಿ. ಔಷಧಿ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 2019ರಲ್ಲಿ ಮಾರಾಟ ನಿಲ್ಲಿಸಲು ಆದೇಶಿಸಿದ್ದು ಗರ್ಭಕೋಶ ಅಥವಾ ಮೂತ್ರಕೋಶ ಕೆಳಗೆ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ದೊಡ್ಡ ಜಾಲರಿ ಹಾಳೆಗಳನ್ನು. ಸೋರಿಕೆಗೆ ಹಾಕುವ ಕಿರಿದಾದ ಪಟ್ಟಿ ಆ ಆದೇಶದಲ್ಲಿ ಇರಲಿಲ್ಲ. ಆಸ್ಟ್ರೇಲಿಯಾ 2017ರಲ್ಲಿ ದೊಡ್ಡ ಹಾಳೆಗಳ ಜೊತೆಗೆ ಮಿನಿ ಸ್ಲಿಂಗ್‌ಗಳನ್ನೂ ಪಟ್ಟಿಯಿಂದ ಕೈಬಿಟ್ಟಿತು. "ಜಾಲರಿ ನಿಷೇಧ" ಎಂಬ ಒಂದೇ ತಲೆಬರಹದ ಕೆಳಗೆ ಇವೆಲ್ಲ ಕಲಸಿಹೋಗುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ಪಟ್ಟಿಯನ್ನು ಭೂತವೆಂದು ಕಾಣುವುದೂ ಬೇಡ, ಹೊಲಿಗೆಯ ದಾರದಂತೆ ಮಾಮೂಲು ಎನ್ನುವುದೂ ಬೇಡ. ಅದು ಶಾಶ್ವತವಾಗಿ ಉಳಿಯುವ ವಸ್ತು, ಅದರ ಸುತ್ತ ಮಾಂಸ ಬೆಳೆದುಕೊಳ್ಳುತ್ತದೆ, ಬೇಕೆಂದಾಗ ಪೂರ್ತಿ ತೆಗೆಯಲು ಆಗದಿರಬಹುದು, ತೆಗೆದರೆ ಸೋರಿಕೆ ಮರಳಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಈ ನಾಲ್ಕು ಮಾತು ಕನ್ನಡದಲ್ಲಿ ಅರ್ಥವಾಗಿರಬೇಕು.

ಸ್ಟಿಕ್ಕರ್

ಪ್ರತಿ ಸ್ಲಿಂಗ್‌ನ ಪೊಟ್ಟಣದಲ್ಲಿ ತಯಾರಕರ ಹೆಸರು, ಮಾದರಿ, ಲಾಟ್ ಸಂಖ್ಯೆ ಮುದ್ರಿಸಿದ ಚಿಕ್ಕ ಅಂಟುಚೀಟಿಗಳಿರುತ್ತವೆ. ಒಂದನ್ನು ಆಸ್ಪತ್ರೆಯ ಕೇಸ್‌ಶೀಟ್‌ಗೆ ಅಂಟಿಸುತ್ತಾರೆ. ಇನ್ನೊಂದನ್ನು ನಿಮ್ಮ ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡಿ ಎಂದು ಕೇಳಿ ಪಡೆಯಿರಿ. ಚಿಕ್ಕಮ್ಮನ ವಿಷಯದಲ್ಲಿ ನಾವು ಕೇಳಲಿಲ್ಲ. ಆರು ವರ್ಷದ ನಂತರ ಬೇರೆ ಊರಿನ ವೈದ್ಯರು "ಯಾವ ಟೇಪ್, ಯಾವ ದಾರಿಯಲ್ಲಿ ಹಾಕಿದ್ದು?" ಎಂದಾಗ ನಮ್ಮ ಫೈಲಿನಲ್ಲಿ ಇದ್ದದ್ದು ಔಷಧಿ ಅಂಗಡಿಯ ಬಿಲ್, ರಕ್ತಪರೀಕ್ಷೆಯ ಅಕ್ಷರ ಮಾಸಿದ ಕಾಗದ, ಮತ್ತು "ಸ್ಲಿಂಗ್ ಮಾಡಲಾಗಿದೆ" ಎಂಬ ಒಂದು ಸಾಲಿನ ಸಮ್ಮರಿ. ಹಳೆಯ ಆಸ್ಪತ್ರೆಗೆ ಫೋನ್ ಮಾಡಿದರೆ ಅಷ್ಟು ಹಿಂದಿನ ಕೇಸ್‌ಶೀಟ್ ಸಿಗುವುದಿಲ್ಲ ಎಂದರು. ಕೊನೆಗೆ ಚರ್ಮದ ಮೇಲಿನ ಎರಡು ಸಣ್ಣ ಕಲೆ ಕಿಬ್ಬೊಟ್ಟೆಯ ಮೇಲಿವೆಯೋ ತೊಡೆಸಂದಿನಲ್ಲೋ ಎಂದು ನೋಡಿ ವಿಧಾನವನ್ನು ಊಹಿಸಬೇಕಾಯಿತು. ಆದ್ದರಿಂದ ಸ್ಟಿಕ್ಕರ್ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಇವೆರಡರ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮುಂದೆ ಗರ್ಭಕೋಶ ತೆಗೆಸುವುದು ಅಥವಾ ಜಾರಿದ್ದನ್ನು ಎತ್ತಿಕಟ್ಟಿಸುವುದು ಬಂದರೆ, ಆ ಸರ್ಜನ್ನರಿಗೆ ಅವನ್ನು ಮೊದಲೇ ತೋರಿಸಬೇಕು. ಎಂಆರ್‌ಐ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ: ಪಾಲಿಪ್ರೊಪಿಲೀನ್ ಪಟ್ಟಿಯಲ್ಲಿ ಲೋಹವಿಲ್ಲ, ಅಡ್ಡಿಯಿಲ್ಲ. ಎಕ್ಸ್‌ರೇಯಲ್ಲಿ ಅದು ಕಾಣುವುದೂ ಇಲ್ಲ. ಯೋನಿದ್ವಾರದ ಮೇಲಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಬೆಳ್ಳನೆಯ ಗೆರೆಯಾಗಿ ಕಾಣುತ್ತದೆ.

ಹಾಕಿಸಿಕೊಂಡ ಮೇಲೆ ವರ್ಷಗಳ ಜಾಡು

ಮೊದಲ ಎರಡು ವಾರದಲ್ಲಿ ಮುಖ್ಯವಾದದ್ದು ಸೋರಿಕೆ ನಿಂತಿತೇ ಎಂಬುದಕ್ಕಿಂತ ಮೂತ್ರ ಸಲೀಸಾಗಿ ಹೋಗುತ್ತಿದೆಯೇ ಎಂಬುದು. ಮುಕ್ಕಬೇಕಾಗುತ್ತಿದ್ದರೆ, ಧಾರೆ ತೀರ ಸಣ್ಣಗಿದ್ದರೆ, ಮುಂದಕ್ಕೆ ಬಾಗಿದರೆ ಮಾತ್ರ ಹೋಗುವಂತಿದ್ದರೆ, ಹೋಗಿ ಬಂದ ಮೇಲೂ ತುಂಬಿದಂತೆ ಅನಿಸುತ್ತಿದ್ದರೆ ಪಟ್ಟಿ ಬಿಗಿಯಾಗಿರಬಹುದು. ಸ್ಕ್ಯಾನ್ ಮಾಡಿ ಒಳಗೆ ಉಳಿದ ಮೂತ್ರವನ್ನು ಅಳೆಯುತ್ತಾರೆ. ಆರಂಭದ ದಿನಗಳಲ್ಲೇ ಹೇಳಿದರೆ ಪಟ್ಟಿಯನ್ನು ಸ್ವಲ್ಪ ಸಡಿಲಿಸಬಹುದು, ಮಾಂಸ ಬೆಳೆದುಕೊಂಡ ಮೇಲಾದರೆ ಕತ್ತರಿಸಬೇಕಾಗುತ್ತದೆ. ಟೋಮಸ್ ಪ್ರಯೋಗದಲ್ಲಿ ಇಂಥ ಮೂತ್ರಕಟ್ಟಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಮೂಳೆಯ ಹಿಂಬದಿಯ ಸ್ಲಿಂಗ್‌ನಲ್ಲಿ ಶೇ. 2.7, ತೊಡೆಸಂದಿನದರಲ್ಲಿ ಯಾರೂ ಇಲ್ಲ. ಮೂತ್ರವೇ ಹೋಗದಿದ್ದರೆ, ಚಳಿಜ್ವರ ಬಂದರೆ, ಹಸಿ ರಕ್ತ ಹೋಗುತ್ತಿದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸುಮಾರು ಆರು ವಾರ ತುಂಬಿದ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಎತ್ತಬಾರದು, ಸಂಭೋಗವನ್ನೂ ವೈದ್ಯರು ನೋಡಿ ಹೇಳುವವರೆಗೆ ಮುಂದೂಡಬೇಕು. ಆರು ತಿಂಗಳೊಳಗೆ ಒಮ್ಮೆ ಒಳಪರೀಕ್ಷೆ ಆಗಲೇಬೇಕು. "ಚೆನ್ನಾಗಿದ್ದೀನಿ, ಯಾಕೆ ಹೋಗಲಿ?" ಎಂದು ಬಹಳ ಜನ ತಪ್ಪಿಸುವುದು ಇದನ್ನೇ. ಜಾಲರಿಯ ಅಂಚು ಯೋನಿಯ ಗೋಡೆಯಿಂದ ಇಣುಕುವುದು ಮೊದಮೊದಲು ಯಾವ ನೋವನ್ನೂ ಕೊಡದೆ ಇರಬಹುದು, ನೋಡಿದರೆ ಮಾತ್ರ ತಿಳಿಯುತ್ತದೆ.

ಆಮೇಲಿನ ವರ್ಷಗಳಲ್ಲಿ ಕೆಲವು ಲಕ್ಷಣಗಳು ಜಾಲರಿಯತ್ತ ಬೆರಳು ತೋರಿಸುತ್ತವೆ: ಕಾರಣವಿಲ್ಲದ ಬಿಳಿ ಅಥವಾ ಕೆಂಪು ಸ್ರಾವ, ಮೇಲಿಂದ ಮೇಲೆ ಬರುವ ಉರಿಮೂತ್ರ, ಸಂಭೋಗದಲ್ಲಿ ನಿಮಗೆ ನೋವು ಅಥವಾ ಗಂಡನಿಗೆ ಏನೋ ಚುಚ್ಚಿದಂತಾಗುವುದು, ನಡೆಯುವಾಗ ತೊಡೆಸಂದು ಹಿಡಿದುಕೊಳ್ಳುವುದು. ಇವನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಹತ್ತು ವರ್ಷದ ಹಿಂದಿನ ಶಸ್ತ್ರಚಿಕಿತ್ಸೆಯಾದರೂ ಸರಿ, ಅದನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ಹೇಳಿ. ಉರಿಮೂತ್ರಕ್ಕೆ ನಾಲ್ಕನೆಯ ಸಲ ಆ್ಯಂಟಿಬಯೋಟಿಕ್ ನುಂಗುವ ಬದಲು, ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡಬೇಕೇ ಎಂದು ಕೇಳಿ. ಮುಟ್ಟು ನಿಂತ ಮೇಲೆ ಯೋನಿಯ ಚರ್ಮ ತೆಳುವಾಗುವುದರಿಂದ, ಒಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ತಮಗೆ ಸೂಕ್ತವೇ ಎಂಬುದನ್ನೂ ವಿಚಾರಿಸಬಹುದು. ಸ್ತನ ಕ್ಯಾನ್ಸರ್ ಇದ್ದವರು ಅದನ್ನು ತಪ್ಪದೆ ತಿಳಿಸಬೇಕು.

ಪಟ್ಟಿ ಗಟ್ಟಿಯಾಗಿದ್ದರೂ ಅದರ ಮೇಲೆ ಬೀಳುವ ಭಾರ ನಿಮ್ಮ ಕೈಯಲ್ಲಿದೆ. ಮಲಬದ್ಧತೆ, ಉಬ್ಬಸದ ಕೆಮ್ಮು, ಏರುವ ತೂಕ ಮೂರೂ ದಿನವೂ ಕೆಳಗೆ ಒತ್ತುವಂಥವು. ಅಮೆರಿಕದಲ್ಲಿ 338 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳಲ್ಲಿ ದೇಹತೂಕದ ಸುಮಾರು ಶೇ. 8 ಇಳಿಸಿದವರಿಗೆ ವಾರದ ಸೋರಿಕೆಗಳು ಶೇ. 47ರಷ್ಟು ಕಡಿಮೆಯಾದವು, ಇನ್ನೊಂದು ಗುಂಪಿನಲ್ಲಿ ಶೇ. 28. ಅವರ್ಯಾರೂ ಸ್ಲಿಂಗ್‌ಗಾಗಿ ಬಂದವರಲ್ಲ, ಸೋರಿಕೆಯಿದ್ದ ಸ್ಥೂಲಕಾಯದ ಮಹಿಳೆಯರು. ಆದರೂ ಒತ್ತಡದ ಲೆಕ್ಕ ಸ್ಲಿಂಗ್ ಇದ್ದವರಿಗೆ ಬೇರೆಯಾಗುವುದಿಲ್ಲ.

ಸೋರಿಕೆ ಮರಳಿದರೆ

ಮೊದಲು ಮಾಡಬೇಕಾದದ್ದು ಹಳೆಯ ಮೂರು ದಿನದ ದಿನಚರಿಯನ್ನೇ ಮತ್ತೆ ಬರೆಯುವುದು. "ಅವಸರ" ಎಂಬ ಪದ ಹೆಚ್ಚಿದ್ದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಒಳಗೆ ಮೂತ್ರ ಉಳಿಯುವುದು ಇವನ್ನು ನೋಡಿಸಿಕೊಳ್ಳಬೇಕು. ಅದಕ್ಕೆ ಮಾತ್ರೆಗಳಿವೆ, ಮೂತ್ರಕೋಶವನ್ನು ಪಳಗಿಸುವ ಅಭ್ಯಾಸಗಳಿವೆ. "ಕೆಮ್ಮು" ಹೆಚ್ಚಿದ್ದರೆ ಮಾತ್ರ ಸ್ಲಿಂಗ್‌ನ ಪ್ರಶ್ನೆ ಬರುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆಗೆ ಮುನ್ನ, ಮೂತ್ರಕೋಶ ತುಂಬುವಾಗ ಮತ್ತು ಖಾಲಿಯಾಗುವಾಗ ಒಳಗಿನ ಒತ್ತಡವನ್ನು ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂತ್ರನಾಳದ ಗೋಡೆಗೆ ಜೆಲ್ ಚುಚ್ಚುಮದ್ದು ಸರಳ, ಆದರೆ ಪರಿಣಾಮ ಸ್ಲಿಂಗ್‌ನಷ್ಟು ಬಲವಾದದ್ದಲ್ಲ, ಮತ್ತೆ ಮತ್ತೆ ಹಾಕಿಸಬೇಕಾಗಬಹುದು. ಇನ್ನೊಂದು ಜಾಲರಿ, ಸ್ವಂತ ಪೊರೆಯ ಸ್ಲಿಂಗ್, ಬರ್ಚ್ ಹೊಲಿಗೆ ಇವು ಉಳಿದ ದಾರಿಗಳು. ಜಾಲರಿಯಿಂದಲೇ ತೊಂದರೆಯಾಗಿದ್ದರೆ ಅದನ್ನು ತೆಗೆಯುವ ಕೆಲಸವನ್ನು, ಹಾಕಲು ಬಲ್ಲವರೆಲ್ಲರೂ ಬಲ್ಲರು ಎಂದು ಭಾವಿಸಬಾರದು. ಎಷ್ಟು ಜನರದ್ದು ತೆಗೆದಿದ್ದೀರಿ ಎಂದು ಕೇಳಿಯೇ ಮುಂದುವರಿಯಬೇಕು.

ತೊಂದರೆಯಾದದ್ದು ದಾಖಲಾಗಬೇಕೆಂದರೆ, ವೈದ್ಯಕೀಯ ಸಾಧನಗಳಿಂದಾದ ಹಾನಿಯನ್ನು ವರದಿ ಮಾಡುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಭಾರತದಲ್ಲಿ 2015ರಿಂದ ಇದೆ. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ, ಅದಕ್ಕೆ ವೈದ್ಯರಷ್ಟೇ ಅಲ್ಲದೆ ರೋಗಿಗಳೂ ಬರೆಯಬಹುದು. ಬರೆಯಲು ಕುಳಿತಾಗ ಸಾಧನದ ಹೆಸರು, ಮಾದರಿ, ಲಾಟ್ ಸಂಖ್ಯೆಗಳನ್ನು ಕೇಳುತ್ತಾರೆ. ಅವು ಮೂರೂ ಇರುವುದು ಆ ಸ್ಟಿಕ್ಕರ್ ಮೇಲೆ.